ಜೂನ್ ಒಂದರಂದು ಹುಟ್ಟಿದವರ ಓಟು

ಚುನಾವಣಾ ಕಚೇರಿಯಲ್ಲಿದ್ದೆ ಎಂದರೆ ಜನ ಎರಡೇ ಪ್ರಶ್ನೆ ಕೇಳುತ್ತಾರೆ. ಈ ಸಲ ಯಾರು ಗೆಲ್ಲುತ್ತಾರೆ ಎನ್ನುವುದು ಒಂದು. ಚುನಾವಣೆ ಇಲ್ಲದ ದಿನ ನೀವು ಏನು ಮಾಡುತ್ತಿದ್ದಿರಿ ಎನ್ನುವುದು ಇನ್ನೊಂದು. ಮೊದಲನೆಯದಕ್ಕೆ ಉತ್ತರ ನನಗೆ ಯಾವತ್ತೂ ಗೊತ್ತಿರಲಿಲ್ಲ. ಎರಡನೆಯದಕ್ಕೆ ಇಪ್ಪತ್ತೆರಡು ವರ್ಷ ನಗುನಗುತ್ತಲೇ ಉತ್ತರ ಕೊಟ್ಟಿದ್ದೇನೆ, ಒಳಗೊಳಗೇ ಸಿಟ್ಟಾಗಿ. ಈಗ ನಿವೃತ್ತಳಾಗಿದ್ದೇನೆ, ನಗಲೇಬೇಕೆಂಬ ಕಟ್ಟುಪಾಡು ಇಲ್ಲ.

ಹೋದ ತಿಂಗಳು ನನ್ನ ಹಳೆಯ ಕಚೇರಿಗೆ ಹೊಸದಾಗಿ ಸೇರಿದ ಇಬ್ಬರು ನನ್ನನ್ನು ಕಾಫಿಗೆ ಕರೆದು, ತರಬೇತಿ ಪುಸ್ತಕದಲ್ಲಿ ಇಲ್ಲದ್ದನ್ನು ಹೇಳಿ ಎಂದರು. ಅರ್ಧ ಗಂಟೆಯಲ್ಲಿ ಹೇಳಿ ಮುಗಿಯಲಿಲ್ಲ. ಉಳಿದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಬಡ್ತಿ, ಸಂಬಳ, ಬೀಳ್ಕೊಡುಗೆಯ ಹೂಗುಚ್ಛ ಇವೆಲ್ಲ ಯಾರಿಗೂ ಬೇಡ. ನಾನು ಮಾಡಿದ ತಪ್ಪುಗಳಿಂದಲೇ ಶುರು ಮಾಡುತ್ತೇನೆ.

ನಾನು ಧಾರವಾಡದವಳು. ಗಂಡ ಇಲ್ಲಿನ ಸರ್ಕಾರಿ ಆಸ್ಪತ್ರೆಯಲ್ಲಿ ಅರಿವಳಿಕೆ ವೈದ್ಯರು. ಮಕ್ಕಳು ಶಾಲೆಗೆ ಹೋಗಲು ಶುರು ಮಾಡಿದ ಮೇಲೆ ಲಂಡನ್ನಿನ ಅಂಚಿನ ಪಿನ್ನರ್‌ನ ಮನೆಯಲ್ಲಿ ಒಬ್ಬಳೇ ಕೂತು ಗೋಡೆ ನೋಡುವುದು ಬೇಸರವಾಯಿತು. ಪಕ್ಕದ ಬರೋದ, ಅಂದರೆ ಪಕ್ಕದ ನಗರ ವಿಭಾಗದ, ಕೌನ್ಸಿಲ್‌ನಲ್ಲಿ ಮತದಾರರ ಪಟ್ಟಿಗಾಗಿ ಮನೆಮನೆ ಸುತ್ತುವ ಕೆಲಸ ಇದೆ ಎಂದು ತಿಳಿದು ಅರ್ಜಿ ಹಾಕಿದೆ. ನಾಲ್ಕು ತಿಂಗಳ ತಾತ್ಕಾಲಿಕ ಕೆಲಸ. ಕೈಯಲ್ಲಿ ಒಂದು ಫಾರ್ಮಿನ ಕಟ್ಟು, ಕೊರಳಿಗೆ ಫೋಟೋ ಹಾಕಿದ ಗುರುತಿನ ಚೀಟಿ. ಬಾಗಿಲು ಬಡಿದು, ಈ ಮನೆಯಲ್ಲಿ ಹದಿನೆಂಟು ದಾಟಿದವರು ಎಷ್ಟು ಜನ ಎಂದು ಕೇಳಬೇಕು. ನಾಯಿಗಳು, ಕೋಪಿಷ್ಠ ಮುದುಕರು, ಸ್ನಾನದ ನಡುವೆ ಟವೆಲ್ ಸುತ್ತಿಕೊಂಡು ಬಂದವರು, ಎಲ್ಲರನ್ನೂ ನೋಡಿದೆ.

ನನ್ನ ಮೊದಲ ತಪ್ಪು ಆಗಲೇ ಆಯಿತು. ನಮ್ಮವರ ಒಂದು ಮನೆಯಲ್ಲಿ ಸೊಸೆ ಬಾಗಿಲು ತೆಗೆದು, "ನಮ್ಮಿಬ್ಬರ ಹೆಸರು ಬರ್ಕೊಳ್ಳಿ. ಅತ್ತೆದು ಇಂಡಿಯಾ ಪಾಸ್‌ಪೋರ್ಟು, ಅವ್ರಿಗೆ ಓಟಿಲ್ಲ" ಎಂದಳು. ನಾನು ಹೌದೆಂದು ತಲೆಯಾಡಿಸಿ ಬರೆದುಕೊಂಡೆ. ಹಾಗೆ ಒಂದು ತಿಂಗಳು ಬೀದಿಬೀದಿಯಲ್ಲಿ ಭಾರತದ ಪಾಸ್‌ಪೋರ್ಟ್ ಇದ್ದವರನ್ನೆಲ್ಲ ಬಿಟ್ಟುಕೊಂಡು ಹೋದೆ. ತಿಂಗಳ ಕೊನೆಗೆ ನಮ್ಮ ಮೇಲಧಿಕಾರಿ ಮಾರ್ಟಿನ್ ನನ್ನ ಫಾರ್ಮುಗಳನ್ನು ತಿರುವಿ ಹಾಕುತ್ತಾ, "ಈ ಬೀದಿಗಳಲ್ಲಿ ಮುದುಕಿಯರೇ ಇಲ್ಲವೇ?" ಎಂದು ಕೇಳಿದ. ಮಾರ್ಟಿನ್ ಉದ್ದನೆಯ, ಸಣಕಲು ಮನುಷ್ಯ. ಬೈಯುವುದಿದ್ದರೂ ಹವಾಮಾನ ಹೇಳುವ ದನಿಯಲ್ಲೇ ಬೈಯುತ್ತಿದ್ದ. ಕಾಮನ್‌ವೆಲ್ತ್ ದೇಶದವರು ಇಲ್ಲಿ ಕಾಯಂ ವಾಸಕ್ಕೆ ಬಂದಿದ್ದರೆ ಅವರಿಗೂ ಓಟಿದೆ, ಭಾರತವೂ ಅದರಲ್ಲಿ ಸೇರಿದೆ ಎಂದು ಅವನು ಹೇಳಿದಾಗ ನನಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಯಾಕೆಂದರೆ ಆಗ ನನ್ನದೂ ಭಾರತದ ಪಾಸ್‌ಪೋರ್ಟೇ. ಆರು ವರ್ಷದಿಂದ ನನಗೆ ಓಟಿತ್ತು, ನನಗೇ ಗೊತ್ತಿರಲಿಲ್ಲ.

ಮತ್ತೆ ಆ ಬೀದಿಗಳಿಗೆಲ್ಲ ಹೋದೆ. ಈ ಸಲ ಮುದುಕಿಯರನ್ನು ಹೊರಗೆ ಕರೆಸಿ ಹೆಸರು ಕೇಳಿದೆ. ಒಬ್ಬಾಕೆ ತಮ್ಮ ಹೆಸರು ಹೇಳುವ ಮೊದಲು ಸೊಸೆಯ ಮುಖ ನೋಡಿದರು. ಹೆಸರು ಬರೆಸಿದ ಮೇಲೆ ಒಳಗೆ ಹೋಗಿ ನನಗೊಂದು ಬಾಳೆಹಣ್ಣು ತಂದುಕೊಟ್ಟರು. ಅವತ್ತೇ ಈ ಕೆಲಸ ಬಿಡಬಾರದು ಎಂದು ನಿಶ್ಚಯಿಸಿದೆ. ನಾಲ್ಕು ತಿಂಗಳಿಗೆ ಸೇರಿದವಳು ಇಪ್ಪತ್ತೆರಡು ವರ್ಷ ಉಳಿದೆ.

ಕೆಲಸದ ರೀತಿ ನನ್ನ ಕಣ್ಣೆದುರೇ ಬದಲಾಯಿತು. ಮೊದಲು ಅಂಚೆ ಮತದ ಅರ್ಜಿಗಳೆಲ್ಲ ಕಬ್ಬಿಣದ ಕಪಾಟಿನಲ್ಲಿ ಅಕ್ಷರಾನುಕ್ರಮದಲ್ಲಿ ಇರುತ್ತಿದ್ದವು. ಅಂಚೆಯಲ್ಲಿ ಓಟು ಹಾಕುವವರು ಮತಪತ್ರದ ಜೊತೆ ಒಂದು ಹೇಳಿಕೆಯ ಹಾಳೆ ಕಳಿಸಬೇಕು. ಅದರಲ್ಲಿ ಸಹಿ ಮತ್ತು ಹುಟ್ಟಿದ ದಿನಾಂಕ, ಎರಡೂ ಮೊದಲು ಅರ್ಜಿಯಲ್ಲಿ ಕೊಟ್ಟದ್ದಕ್ಕೆ ತಾಳೆಯಾಗಬೇಕು. ಹಿಂದೆ ನಾವು ಕಣ್ಣಲ್ಲೇ ತಾಳೆ ನೋಡುತ್ತಿದ್ದೆವು. ಆಮೇಲೆ ಸ್ಕ್ಯಾನರ್ ಬಂತು. ಯಂತ್ರ ಎರಡನ್ನೂ ಅಕ್ಕಪಕ್ಕ ಪರದೆಯ ಮೇಲೆ ತೋರಿಸುತ್ತದೆ, ಹೊಂದದಿದ್ದರೆ ಮನುಷ್ಯರ ಮುಂದಿಡುತ್ತದೆ. ಆ ಮನುಷ್ಯರಲ್ಲಿ ನಾನೂ ಒಬ್ಬಳಾಗಿದ್ದೆ. ಪಕ್ಷಗಳ ಏಜೆಂಟರು ಕುರ್ಚಿ ಹಾಕಿಕೊಂಡು ನೋಡುತ್ತಿರುತ್ತಾರೆ. ಮತಪತ್ರ ಮಾತ್ರ ಮಗುಚಿಯೇ ಇರಬೇಕು, ಯಾರು ಯಾರಿಗೆ ಹಾಕಿದರು ಎಂಬುದು ಬ್ರಹ್ಮನಿಗೂ ತಿಳಿಯಬಾರದು.

ಇನ್ನು ಖಾಲಿ ಕುರ್ಚಿಯ ವರ್ಷಕ್ಕೆ ಬರುತ್ತೇನೆ. ನಮ್ಮ ಬರೋದಲ್ಲಿ ಮೇಯರ್‌ನನ್ನು ಜನರೇ ನೇರವಾಗಿ ಆರಿಸುತ್ತಾರೆ. ಕೊರಳಿಗೆ ಸರಪಳಿ ಹಾಕಿಕೊಂಡು ರಿಬ್ಬನ್ ಕತ್ತರಿಸುವ ಮೇಯರ್ ಅಲ್ಲ, ಮನೆ, ಕಸ, ರಸ್ತೆ, ಗ್ರಂಥಾಲಯ ಎಲ್ಲವೂ ಅವರ ಕೈಯಲ್ಲೇ. ಒಬ್ಬರೇ ಮೂರು ಅವಧಿ ಆ ಕುರ್ಚಿಯಲ್ಲಿದ್ದರು. ಅವರು ನಿಂತಾಗಲೆಲ್ಲ ಫಲಿತಾಂಶ ಎಲ್ಲರಿಗೂ ಮೊದಲೇ ಗೊತ್ತಿರುತ್ತಿತ್ತು. ಜನ ಓಟು ಹಾಕಲು ಬರುತ್ತಿರಲಿಲ್ಲ, ನಾವು ಮತಗಟ್ಟೆಯಲ್ಲಿ ಕೂತು ಪದಬಂಧ ಬಿಡಿಸುತ್ತಿದ್ದೆವು. ಆ ಚಳಿಗಾಲದಲ್ಲಿ ಅವರು, ಇನ್ನು ಸಾಕು, ನಾನು ಮತ್ತೆ ನಿಲ್ಲುವುದಿಲ್ಲ ಎಂದುಬಿಟ್ಟರು. ಕುರ್ಚಿ ಖಾಲಿಯಾಯಿತು ಎಂದದ್ದೇ ತಡ, ಇಡೀ ಬರೋಗೆ ಜೀವ ಬಂತು. ಒಂಬತ್ತು ಜನ ಅಭ್ಯರ್ಥಿಗಳು. ಪಟ್ಟಿಗೆ ಹೆಸರು ಸೇರಿಸಿ ಎಂಬ ಅರ್ಜಿಗಳು ದಿನಾ ಗೋಣಿಗಟ್ಟಲೆ ಬಂದವು. ಕೆಲಸ ಮೂರು ಪಟ್ಟಾಯಿತು, ಬೈದುಕೊಳ್ಳುತ್ತಲೇ ಮಾಡಿದೆವು. ನಿಜ ಹೇಳುತ್ತೇನೆ, ಅಷ್ಟು ಸಂತೋಷದ ವಸಂತ ಆ ಕಚೇರಿಯಲ್ಲಿ ಮತ್ತೊಂದಿರಲಿಲ್ಲ.

ನಾಮಪತ್ರದ ಕೊನೆಯ ದಿನದ್ದೊಂದು ಸಂಗತಿ ಹೇಳದಿದ್ದರೆ ಆಗದು. ಮೇಯರ್ ಅಭ್ಯರ್ಥಿಗೆ ಮೂವತ್ತು ಮತದಾರರ ಸಹಿ ಬೇಕು, ಒಬ್ಬ ಮತದಾರ ಒಬ್ಬ ಅಭ್ಯರ್ಥಿಗೆ ಮಾತ್ರ ಸಹಿ ಹಾಕಬಹುದು. ಸಂಜೆ ನಾಲ್ಕು ಗಂಟೆಗೆ ಬಾಗಿಲು ಮುಚ್ಚುತ್ತದೆ. ಮೂರು ಗಂಟೆಗೆ ಲಾಂಡ್ರಿ ಅಂಗಡಿಯ ಒಬ್ಬಾಕೆ ಪಕ್ಷೇತರಳಾಗಿ ನಾಮಪತ್ರ ತಂದಳು. ಪರಿಶೀಲಿಸಿದರೆ ಒಂದು ಸಹಿ ನಮ್ಮವರದ್ದೇ, ಮಸಾಲೆ ಸಾಮಾನಿನ ಅಂಗಡಿ ಇಟ್ಟ ಮೈಸೂರಿನ ಒಬ್ಬ ಸಾಧು ಮನುಷ್ಯನದ್ದು. ಆತ ಆಗಲೇ ಬೇರೆ ಇಬ್ಬರಿಗೂ ಸಹಿ ಹಾಕಿಕೊಟ್ಟಿದ್ದ. ಫೋನ್ ಮಾಡಿ ಕೇಳಿದೆ.

"ಏನ್ಮಾಡ್ಲಿ ಮೇಡಂ, ಮೂರೂ ಜನ ನಮ್ಮ ಗಿರಾಕಿಗಳೇ. ಮನೆ ಬಾಗ್ಲಿಗೆ ಬಂದೋರಿಗೆ ಇಲ್ಲ ಅನ್ನೋದು ಹ್ಯಾಗೆ?"

ದಾಕ್ಷಿಣ್ಯಕ್ಕೆ ಕಾನೂನಿನಲ್ಲಿ ಕಲಮು ಇಲ್ಲ. ಆ ಹೆಂಗಸಿಗೆ ಒಂದು ಸಹಿ ಕಡಿಮೆ ಬಿತ್ತು. ಆಕೆ ಅಳುತ್ತಾ ಕೂರಲಿಲ್ಲ. ಹೊಸ ಫಾರ್ಮು ಹಿಡಿದು ಬಸ್‌ಸ್ಟಾಪಿಗೆ ಓಡಿದಳು, ಸಾಲಿನಲ್ಲಿ ನಿಂತವರಲ್ಲಿ ಒಬ್ಬ ಮತದಾರನನ್ನು ಹಿಡಿದು ಸಹಿ ಹಾಕಿಸಿ ನಾಲ್ಕಕ್ಕೆ ಆರು ನಿಮಿಷ ಇರುವಾಗ ಮೆಟ್ಟಿಲೇರಿ ಬಂದಳು. ಮಾರ್ಟಿನ್ ಗಡಿಯಾರ ನೋಡಿ, ಪಟ್ಟಿ ನೋಡಿ, ಸ್ವೀಕರಿಸಲಾಗಿದೆ ಎಂದ. ಅವಳು ಗೆಲ್ಲಲಿಲ್ಲ ಬಿಡಿ, ಏಳನೆಯವಳಾಗಿ ಬಂದಳು. ಆದರೆ ನಾಲ್ಕು ಗಂಟೆ ಎಂದರೆ ಎಲ್ಲರಿಗೂ ನಾಲ್ಕೇ ಗಂಟೆ ಎಂಬುದನ್ನು ಆ ದಿನ ಮತ್ತೆ ಕಲಿತೆ. ಎರಡು ವಾರದಲ್ಲೇ ಅದು ನನ್ನ ಕೊರಳಿಗೇ ಬಂತು.

ಆ ಜನವರಿಯಲ್ಲಿ ನಾನು ಒಬ್ಬರನ್ನು ಮತದಾರರ ಪಟ್ಟಿಗೆ ಸೇರಿಸಿದ್ದೆ. ಐತಾಳರು, ಕುಂದಾಪುರದ ಹತ್ತಿರದ ಕೋಟದವರು. ಹದಿನೈದನೇ ವಯಸ್ಸಿಗೆ ಊರು ಬಿಟ್ಟು ಮುಂಬಯಿಯ ಹೋಟೆಲುಗಳಲ್ಲಿ ದೋಸೆ ಹುಯ್ದು, ಅಲ್ಲಿಂದ ಲಂಡನ್ನಿಗೆ ಅಡುಗೆಯವರಾಗಿ ಬಂದು, ಕೊನೆಗೆ ಪಾರ್ಕ್ ರಾಯಲ್‌ನ ಒಂದು ತಿಂಡಿ ಕಾರ್ಖಾನೆಯಲ್ಲಿ ನಿವೃತ್ತರಾದವರು. ಹೆಂಡತಿ ತೀರಿಕೊಂಡಿದ್ದರು. ನಮ್ಮ ಬರೋದ ಒಂದು ಕೌನ್ಸಿಲ್ ಫ್ಲ್ಯಾಟಿನ ಮೂರನೇ ಮಹಡಿಯಲ್ಲಿ ಮಗ, ಸೊಸೆ, ಮೊಮ್ಮಗಳು ಮೇಘಾ ಜೊತೆ ಇದ್ದರು. ಗಣೇಶನ ಹಬ್ಬದ ಕನ್ನಡ ಕೂಟದಲ್ಲಿ ಅಡುಗೆಗೆ ಅವರೇ ಯಜಮಾನರು, ಹಾಗಾಗಿ ನನಗೆ ಪರಿಚಯ.

"ಓಟ್ ಅಂಬುದನ್ನ ನಾನ್ ಇದುವರೆಗೆ ಹಾಕ್ಲೇ ಇಲ್ಲೆ ಕಾಣಿ, ಸುಮಿತ್ರಮ್ಮ," ಎಂದಿದ್ದರು ಅವರು ಸಂಕ್ರಾಂತಿಯ ಕೂಟದಲ್ಲಿ, ಸಾರಿಗೆ ಒಗ್ಗರಣೆ ಹಾಕುತ್ತಾ. "ಊರಂಗೆ ಹೆಸ್ರ್ ಬರ್ಸುವ ಪ್ರಾಯಕ್ಕೆ ಬೊಂಬಾಯಂಗಿದ್ದೆ. ಬೊಂಬಾಯಂಗೆ ವರ್ಷಕ್ಕೊಂದ್ ಹೋಟ್ಲ್. ಇಲ್ಲ್ ನಂಗೆ ಓಟ್ ಎಲ್ಲಿತ್ತ್?"

"ಇಲ್ಲೇ ಐತ್ರಿ," ಎಂದೆ. ಮರುವಾರ ಅವರ ಮನೆಗೆ ಹೋಗಿ ಫಾರ್ಮು ತುಂಬಿದೆ. ಮಂಡಿನೋವು, ಲಿಫ್ಟು ವಾರಕ್ಕೆ ಮೂರು ದಿನ ಕೆಟ್ಟಿರುತ್ತದೆ, ಅದಕ್ಕೆ ಅಂಚೆ ಮತ. ಹುಟ್ಟಿದ ದಿನಾಂಕವನ್ನು ಪಾಸ್‌ಪೋರ್ಟ್ ನೋಡಿ ನಾನೇ ಬರೆದೆ, ಜೂನ್ ಒಂದು. ಅವರು ಕನ್ನಡದಲ್ಲಿ ದಪ್ಪನೆಯ ಸಹಿ ಹಾಕಿದರು.

ಜೂನ್ ಒಂದರ ಕಥೆ ನಮ್ಮ ತಲೆಮಾರಿನವರಿಗೆ ಹೇಳಬೇಕಾಗಿಲ್ಲ, ಇಲ್ಲಿ ಹುಟ್ಟಿದವರಿಗೆ ಹೇಳಬೇಕು. ಶಾಲೆ ಶುರುವಾಗುವುದು ಜೂನ್‌ನಲ್ಲಿ. ಮಗುವನ್ನು ಸೇರಿಸಲು ಹೋದರೆ ಮಾಸ್ತರರು ತಾರೀಖು ಕೇಳುತ್ತಾರೆ. ಮನೆಯವರಿಗೆ ತಿಥಿ ಗೊತ್ತು, ನಕ್ಷತ್ರ ಗೊತ್ತು, ಇಂಗ್ಲಿಷ್ ತಾರೀಖು ಗೊತ್ತಿಲ್ಲ. ಮಾಸ್ತರರು ವಯಸ್ಸು ಸರಿಹೊಂದುವ ಹಾಗೆ ಜೂನ್ ಒಂದು ಎಂದು ಬರೆದು ಕೈತೊಳೆದುಕೊಳ್ಳುತ್ತಾರೆ. ಒಂದು ತರಗತಿಯ ಅರ್ಧ ಮಕ್ಕಳು ಒಂದೇ ದಿನ ಹುಟ್ಟಿಬಿಡುತ್ತಾರೆ. ಅದೇ ತಾರೀಖು ಸರ್ಟಿಫಿಕೇಟಿಗೆ, ಪಾಸ್‌ಪೋರ್ಟಿಗೆ, ಪಿಂಚಣಿಗೆ ಹತ್ತಿ ಸಮುದ್ರ ದಾಟಿ ಬರುತ್ತದೆ.

ಏಪ್ರಿಲ್‌ನ ಒಂದು ಭಾನುವಾರ ಐತಾಳರಿಗೆ ಸಹಸ್ರಚಂದ್ರ ದರ್ಶನದ ಶಾಂತಿ. ಸಾವಿರ ಹುಣ್ಣಿಮೆ ಕಂಡವರಿಗೆ ಮಾಡುವ ಪೂಜೆ. ಅದಕ್ಕೆ ಮಾಸ್ತರರ ಲೆಕ್ಕ ನಡೆಯುವುದಿಲ್ಲ, ಜಾತಕ ಬೇಕು. ಮೇಘಾ ಊರಿನಿಂದ ಜಾತಕ ತರಿಸಿ ಲೆಕ್ಕ ಹಾಕಿದ್ದಳು, ಅಜ್ಜ ಹುಟ್ಟಿದ್ದು ಆಗಸ್ಟ್ ಹದಿನೆಂಟು. ಊಟವಾದ ಮೇಲೆ ಎಲ್ಲರೂ ಅವರನ್ನು ಸುತ್ತುವರಿದು ತಮಾಷೆ ಮಾಡುತ್ತಿದ್ದರು. ನನ್ನ ಬಾಯಿ ಸುಮ್ಮನಿರಬೇಕಲ್ಲ.

"ಐತಾಳ್ರ, ಎಂಬತ್ತ ವರ್ಷ ಮಾಸ್ತರ ಕೊಟ್ಟ ತಾರೀಖು ಬರದ್ರಿ. ಇನ್ನರ ನಿಮ್ಮವ್ವ ಕೊಟ್ಟ ತಾರೀಖು ಬರೀರಿ," ಎಂದೆ.

ಎಲ್ಲರೂ ನಕ್ಕರು. ಐತಾಳರು ನಗಲಿಲ್ಲ, ತಲೆದೂಗಿದರು. ಅದನ್ನು ನಾನು ಗಮನಿಸಲೇ ಇಲ್ಲ. ಹೋಳಿಗೆಗೆ ಇನ್ನೊಂದು ಚಮಚ ತುಪ್ಪ ಹಾಕಿಸಿಕೊಳ್ಳುವ ಗಡಿಬಿಡಿಯಲ್ಲಿದ್ದೆ.

ಮತದಾನಕ್ಕೆ ಒಂದು ವಾರ ಇತ್ತು. ಅಂಚೆ ಮತಗಳನ್ನು ತೆರೆಯುವ ಕೋಣೆಯಲ್ಲಿ ಮಧ್ಯಾಹ್ನದ ಹೊತ್ತು, ಯಂತ್ರ ಹೊಂದಿಸಲಾರದ ಹೇಳಿಕೆಗಳನ್ನು ಒಂದೊಂದಾಗಿ ನನ್ನ ಮುಂದಿನ ಪರದೆಗೆ ತರುತ್ತಿತ್ತು. ಒಂದು ಬಂತು. ಸಹಿ ಕನ್ನಡದಲ್ಲಿತ್ತು. ಆ ಕೋಣೆಯಲ್ಲಿ ಅದನ್ನು ಓದಬಲ್ಲವಳು ನಾನೊಬ್ಬಳೇ. ಎಡಗಡೆ ಅರ್ಜಿಯ ತಾರೀಖು ಜೂನ್ ಒಂದು, ನನ್ನದೇ ಕೈಬರಹ. ಬಲಗಡೆ ಆಗಸ್ಟ್ ಹದಿನೆಂಟು, ಎಂಬತ್ತು ದಾಟಿದ ನಡುಗುವ ಕೈಯ ಅಂಕಿಗಳು. ಸಹಿ ಹೊಂದುತ್ತಿತ್ತು, ತಾರೀಖು ಹೊಂದುತ್ತಿರಲಿಲ್ಲ.

ಫಾರ್ಮು ತುಂಬಿದವಳೂ ನಾನೇ, ಮಾತಾಡಿ ಕೆಡಿಸಿದವಳೂ ನಾನೇ, ಈಗ ತೀರ್ಪು ಕೊಡಬೇಕಾದವಳೂ ನಾನೇ. ಒಂದು ಗುಂಡಿ ಒತ್ತಿದರೆ ಸ್ವೀಕಾರ, ಇನ್ನೊಂದು ಒತ್ತಿದರೆ ತಿರಸ್ಕಾರ. ಇದು ಐತಾಳರದ್ದೇ ಎಂದು ನನಗೆ ದೇವರಾಣೆಗೂ ಗೊತ್ತು. ಬೆರಳು ಸ್ವೀಕಾರದ ಗುಂಡಿಯ ಹತ್ತಿರ ಹೋಗಲಿಲ್ಲ ಎಂದರೆ ಸುಳ್ಳಾಗುತ್ತದೆ. ಹೋಯಿತು. ಆಗ ಆ ಲಾಂಡ್ರಿಯ ಹೆಂಗಸು ನೆನಪಾದಳು, ಬಸ್‌ಸ್ಟಾಪಿಗೆ ಓಡಿದವಳು. ನಾನು ಓದಲಾರದ ಭಾಷೆಯಲ್ಲಿ ಸಹಿ ಹಾಕಿದವರ ಹೇಳಿಕೆಗಳನ್ನು ಅದೇ ದಿನ ಬೆಳಿಗ್ಗೆ ಇದೇ ಕಾರಣಕ್ಕೆ ತಿರಸ್ಕರಿಸಿದ್ದೂ ನೆನಪಾಯಿತು. ಅವರ ಕಥೆ ಕೇಳುವವರು ಯಾರಿದ್ದರು?

ಎದ್ದು ನಿಂತು ಮಾರ್ಟಿನ್‌ನನ್ನು ಕರೆದೆ. "ಇವರು ನನಗೆ ಪರಿಚಯದವರು. ನೀನು ನೋಡು," ಎಂದೆ.

ಅವನು ನನ್ನ ಕುರ್ಚಿಯಲ್ಲಿ ಕೂತು ಪರದೆ ನೋಡಿದ. "ತಾರೀಖು ಬೇರೆ ಯಾಕೆ ಎಂದು ನಿನಗೆ ಗೊತ್ತೇ?" ಎಂದ.

"ಗೊತ್ತು."

"ಹೇಳಬೇಡ. ಉಳಿದವರ ಪರವಾಗಿ ಹೇಳಲು ಇಲ್ಲಿ ಯಾರೂ ಇಲ್ಲ."

ತಿರಸ್ಕರಿಸಿದ. ಅವನು ಮಾಡಿದ್ದು ಸರಿ ಎಂದು ನನಗೆ ಗೊತ್ತಿತ್ತು. ಆದರೂ ಬಚ್ಚಲಮನೆಗೆ ಹೋಗಿ ನಲ್ಲಿ ಬಿಟ್ಟು ಅತ್ತೆ. ನನ್ನ ಕೆಲಸದ ಮೇಲೆ ನನಗೇ ಅಷ್ಟು ಸಿಟ್ಟು ಬಂದದ್ದು ಅದೊಂದೇ ಸಲ. ಐತಾಳರಿಗೆ ಹೇಳುವಂತಿರಲಿಲ್ಲ, ಮತದಾನ ಮುಗಿಯುವವರೆಗೆ ಆ ಕೋಣೆಯ ಮಾತು ಹೊರಗೆ ಹೋಗಬಾರದು. ಹೇಳಿದ್ದರೂ ಉಪಯೋಗವಿರಲಿಲ್ಲ, ಅಂಚೆಯಲ್ಲಿ ಓಟು ಕಳಿಸಿದವರಿಗೆ ಎರಡನೇ ಮತಪತ್ರ ಇಲ್ಲ. ಆ ವಾರ ಅವರ ಎರಡು ಫೋನ್ ಬಂದವು, ಎರಡನ್ನೂ ಎತ್ತಲಿಲ್ಲ.

ಹೊಸ ಮೇಯರ್ ಕೂದಲೆಳೆಯ ಅಂತರದಲ್ಲಿ ಗೆದ್ದರು. ತಿರಸ್ಕೃತವಾದ ಅಂಚೆ ಮತಗಳು ಆ ಅಂತರಕ್ಕಿಂತ ಹೆಚ್ಚಿದ್ದವು. ಮರುದಿನ ಬೆಳಿಗ್ಗೆ ಕಚೇರಿಯ ಸ್ವಾಗತ ಮೇಜಿನ ಮೇಲೆ ಒಂದು ಸ್ಟೀಲ್ ಡಬ್ಬಿ ಇತ್ತು. ಒಳಗೆ ಹಾಲ್ಬಾಯಿ, ಬಾಳೆಲೆ ಹಾಸಿ ಸಮನಾಗಿ ಕತ್ತರಿಸಿದ್ದು. ಜೊತೆಗೆ ಮೇಘಾಳ ಕೈಬರಹದ ಚೀಟಿ. ಅಜ್ಜ ಬಾಳಿನಲ್ಲಿ ಮೊದಲ ಸಲ ಓಟು ಹಾಕಿದ್ದಾರೆ, ಎಲ್ಲರೂ ಸಿಹಿ ತಿನ್ನಬೇಕಂತೆ ಎಂದು ಇಂಗ್ಲಿಷಿನಲ್ಲಿ ಬರೆದಿದ್ದಳು. ಕಚೇರಿಯವರೆಲ್ಲ ಚಪ್ಪರಿಸಿ ತಿಂದರು. ನನಗೂ ಒಂದು ತುಂಡು ಕೈಗೆ ಕೊಟ್ಟರು. ಬೇಡ ಎಂದರೆ ಕಾರಣ ಹೇಳಬೇಕಿತ್ತು, ತಿಂದೆ. ಗಂಟಲಲ್ಲಿ ಇಳಿಯಲಿಲ್ಲ.

ತಿರಸ್ಕೃತರಾದವರಿಗೆ ಚುನಾವಣೆಯ ನಂತರ ಪತ್ರ ಬರೆದು ಕಾರಣ ತಿಳಿಸಬೇಕು. ಐತಾಳರ ಪತ್ರವನ್ನು ಅಂಚೆಗೆ ಹಾಕದೆ ನಾನೇ ತೆಗೆದುಕೊಂಡು ಹೋದೆ. ಲಿಫ್ಟು ಕೆಟ್ಟಿತ್ತು. ಮೂರು ಮಹಡಿ ಹತ್ತಿ, ಕೂತು, ನೀರು ಕುಡಿದು, ಎಲ್ಲವನ್ನೂ ಹೇಳಿದೆ. ನನ್ನ ಬಾಯಿಯ ಕೆಲಸವನ್ನೂ ಮುಚ್ಚಿಡಲಿಲ್ಲ.

ಅವರು ಪತ್ರವನ್ನು ಮೇಜಿನ ಮೇಲೆ ಬಿಡಿಸಿಟ್ಟರು. ಆಮೇಲೆ ಮೆಲ್ಲನೆ ಹೇಳಿದರು, "ಎಂಬತ್ತ್ ವರ್ಷ ಸುಳ್ಳ್ ತಾರೀಕ್ ಬರ್ದೆ. ಒಬ್ರೂ ಎಂತಾ ಅಂತ ಕೇಳ್ಲಿಲ್ಲೆ. ಒಂದ್ ಸರ್ತಿ ಸತ್ಯ ಬರ್ದೆ, ತಿರ್ಗ್ಸಿ ಕಳ್ಸಿದ್ರ್."

"ತಪ್ಪ ನಂದ ಐತ್ರಿ," ಎಂದೆ.

"ಹಾಲ್ಬಾಯಿ ತಿಂದ್ರಾ?"

"ಹೂಂ, ತಿಂದೇನ್ರಿ."

"ತಿಂದದ್ದ್ ತಿಂದಾಯ್ತ್. ಅದ್ ಸುಮ್ನೆ ತಿಂದದ್ದ್ ಅಂತ ಲೆಕ್ಕ." ಮುಖದಲ್ಲಿ ಸಣ್ಣದೊಂದು ನಗು ಬಂದು ಹೋಯಿತು. ಆಮೇಲೆ ಬೆರಳು ಪತ್ರದ ಮೇಲಿಟ್ಟು ಕೇಳಿದರು, "ಇದ್ ನನ್ನೊಬ್ಬಂದೇ ಕಥೆಯಾ? ಜೂನ್ ಒಂದ್ಕೆ ಹುಟ್ಟಿದವ್ರ್ ಈ ಊರಂಗೆ ಬೇಕಷ್ಟ್ ಜನ ಇಪ್ಪುಕ್ ಸಾಕ್."

ಮೂಲೆಯಲ್ಲಿ ಲ್ಯಾಪ್‌ಟಾಪ್ ಹಿಡಿದು ಕೂತಿದ್ದ ಮೇಘಾ ತಲೆ ಎತ್ತಿ, "ಹೀ ಹ್ಯಾಸ್ ಎ ಪಾಯಿಂಟ್, ಆಂಟಿ," ಎಂದಳು.

ಮರುದಿನ ಕಚೇರಿಗೆ ಹೋದವಳೇ ತಾರೀಖಿನ ಕಾರಣಕ್ಕೆ ತಿರಸ್ಕೃತವಾದ ಹೇಳಿಕೆಗಳನ್ನೆಲ್ಲ ತೆರೆದು ಕೂತೆ. ನಿಮಗೆ ಸಂಖ್ಯೆ ಹೇಳುವುದಿಲ್ಲ, ಹೇಳಬಾರದು. ಆದರೆ ಅರ್ಜಿಯಲ್ಲಿ ಜೂನ್ ಒಂದು, ಜುಲೈ ಒಂದು, ಜನವರಿ ಒಂದು ಇದ್ದ ಕಟ್ಟು ನನ್ನ ಅಂಗೈ ಅಗಲಕ್ಕಿಂತ ದಪ್ಪವಾಯಿತು. ಪಂಜಾಬಿ ಹೆಸರುಗಳು, ಗುಜರಾತಿ ಹೆಸರುಗಳು, ಸೋಮಾಲಿ ಹೆಸರುಗಳು, ತಮಿಳು ಹೆಸರುಗಳು. ಇಷ್ಟು ವರ್ಷ ಇವರನ್ನು ನಾವು ಒಬ್ಬೊಬ್ಬರಾಗಿ ಪರದೆಯ ಮೇಲೆ ನೋಡಿ, ಪಾಪ, ಮರೆಗುಳಿ ಮುದುಕರು ಎಂದುಕೊಂಡು ತಿರಸ್ಕರಿಸಿದ್ದೆವು. ಮರೆವು ಅವರದಾಗಿರಲಿಲ್ಲ. ಅವರ ಹತ್ತಿರ ಎರಡೆರಡು ಹುಟ್ಟುಹಬ್ಬ ಇದ್ದವು. ಯಾವುದನ್ನು ಬರೆಯಬೇಕು ಎಂದು ನಾವು ಯಾರೂ ಅವರಿಗೆ ಹೇಳಿರಲಿಲ್ಲ, ಅಷ್ಟೇ.

ಕಟ್ಟನ್ನು ಮಾರ್ಟಿನ್‌ನ ಮೇಜಿನ ಮೇಲಿಟ್ಟೆ. ಅವನು ನನ್ನ ಮಾತು ಪೂರ್ತಿ ಕೇಳಿ, ನಿಜವಾಗಿಯೂ ಅರ್ಥವಾಗದೆ ಕೇಳಿದ, "ಒಬ್ಬ ಮನುಷ್ಯನಿಗೆ ಎರಡು ಹುಟ್ಟುಹಬ್ಬ ಇರುವುದು ಹೇಗೆ?"

"ನಿಮ್ಮ ಅರಮನೆಯಲ್ಲಿ ಪಟ್ಟಕ್ಕೇರಿದವರಿಗೆ ಇಲ್ಲವೇ?" ಎಂದೆ. "ಹುಟ್ಟಿದ್ದು ಒಂದು ದಿನ, ಹುಟ್ಟುಹಬ್ಬದ ಸರ್ಕಾರಿ ಮೆರವಣಿಗೆ ಇನ್ನೊಂದು ದಿನ. ಆ ಇನ್ನೊಂದು ದಿನವೂ ಜೂನ್‌ನಲ್ಲೇ ಬರುತ್ತದೆ."

ಮಾರ್ಟಿನ್ ನಕ್ಕದ್ದನ್ನು ನಾನು ಅಷ್ಟು ವರ್ಷಗಳಲ್ಲಿ ಮೂರೋ ನಾಲ್ಕೋ ಸಲ ನೋಡಿದ್ದೇನೆ, ಅದು ಒಂದು. ನಕ್ಕು ಮುಗಿಸಿ ಪೆನ್ನು ತೆಗೆದುಕೊಂಡ. ನಿಯಮ ಬದಲಾಯಿಸುವುದು ನಮ್ಮ ಕೈಯಲ್ಲಿಲ್ಲ, ಜನರಿಗೆ ತಿಳಿಸುವುದು ನಮ್ಮ ಕೈಯಲ್ಲಿದೆ ಎಂದ. ಅಂಚೆ ಮತದ ಲಕೋಟೆಯ ಜೊತೆ ಒಂದು ಹಳದಿ ಚೀಟಿ ಇಡುವುದೆಂದು ಅಲ್ಲೇ ಕೂತು ತೀರ್ಮಾನಿಸಿದೆವು. ಮನೆಯಲ್ಲಿ ಆಚರಿಸುವ ಹುಟ್ಟುಹಬ್ಬ ಬೇಡ, ಅರ್ಜಿಯಲ್ಲಿ ಕೊಟ್ಟ ತಾರೀಖನ್ನೇ ಬರೆಯಿರಿ, ಯಾವುದು ಕೊಟ್ಟಿದ್ದಿರಿ ಎಂದು ನೆನಪಿಲ್ಲದಿದ್ದರೆ ಕಳಿಸುವ ಮೊದಲು ನಮಗೆ ಫೋನ್ ಮಾಡಿ. ಇಷ್ಟೇ ಸಾಲು, ಎಂಟು ಭಾಷೆಯಲ್ಲಿ. ಕನ್ನಡದ್ದು ನಾನು ಬರೆದೆ. ಆ ಬೇಸಿಗೆಯಿಡೀ ಗುರುದ್ವಾರ, ದೇವಸ್ಥಾನ, ಮಸೀದಿ, ಹಿರಿಯರ ಕ್ಲಬ್ಬು ಎಂದು ಸುತ್ತಿದೆ. ಹೋದಲ್ಲೆಲ್ಲ ಮೊದಲು ಒಂದೇ ಪ್ರಶ್ನೆ ಕೇಳುತ್ತಿದ್ದೆ, ಎರಡು ಹುಟ್ಟುಹಬ್ಬ ಇರುವವರು ಕೈ ಎತ್ತಿ. ಮೊದಲು ಒಂದು ಕೈ, ಆಮೇಲೆ ನಾಚಿಕೆಯಿಂದ ಇನ್ನೊಂದು, ಆಮೇಲೆ ಇಡೀ ಸಭೆ ನಗುತ್ತಾ ಕೈ ಎತ್ತುತ್ತಿತ್ತು. ನನ್ನ ಕೆಲಸದ ಇಪ್ಪತ್ತೆರಡು ವರ್ಷದಲ್ಲಿ ನಾನು ಮಾಡಿದ ಒಳ್ಳೆಯ ಕೆಲಸ ಯಾವುದು ಎಂದು ಕೇಳಿದರೆ ಆ ಹಳದಿ ಚೀಟಿ ಎನ್ನುತ್ತೇನೆ.

ಐತಾಳರು ಇನ್ನೊಂದು ಮೇಯರ್ ಚುನಾವಣೆಗೆ ನಾಲ್ಕು ವರ್ಷ ಕಾಯಬೇಕಿತ್ತು. ಅವರ ವಯಸ್ಸಿಗೆ ನಾಲ್ಕು ವರ್ಷ ಎಂದರೆ ಯಾರ ಕೈಯಲ್ಲೂ ಇಲ್ಲದ ಮಾತು. ಆದರೆ ಮರುವರ್ಷವೇ ಅವರ ವಾರ್ಡಿನ ಕೌನ್ಸಿಲರ್ ಬೇರೆ ಊರಿಗೆ ಹೋದರು, ಕುರ್ಚಿ ಖಾಲಿಯಾಗಿ ಉಪಚುನಾವಣೆ ಬಂತು. ಅಷ್ಟರಲ್ಲಿ ಅವರ ಮಂಡಿಯ ಶಸ್ತ್ರಚಿಕಿತ್ಸೆ ಆಗಿತ್ತು. ಅಂಚೆ ಮತ ರದ್ದು ಮಾಡಿಸಿ, ಈ ಸಲ ನಾನೇ ನಡೆದುಹೋಗಿ ಹಾಕುತ್ತೇನೆ ಎಂದು ಹಟ ಹಿಡಿದರು. ಮತಗಟ್ಟೆಗೆ ಫೋಟೋ ಇರುವ ಗುರುತಿನ ಚೀಟಿ ತರಬೇಕೆಂಬ ಹೊಸ ನಿಯಮ ಆಗಷ್ಟೇ ಬಂದಿತ್ತು. ಹಿರಿಯರ ಬಸ್ ಪಾಸ್ ಸಾಕು ಎಂದು ನಾನೇ ಹೇಳಿದ್ದೆ. ಈ ಸಲ ಬೇರೆ ಏನನ್ನೂ ಹೇಳಲಿಲ್ಲ.

ಅದು ನನ್ನ ಕೊನೆಯ ಚುನಾವಣೆ. ಮತಗಟ್ಟೆಗಳನ್ನು ಸುತ್ತಿ ನೋಡುವ ಕೆಲಸ ನನ್ನದು. ಚರ್ಚಿನ ಸಭಾಂಗಣದಲ್ಲಿದ್ದ ಅವರ ಮತಗಟ್ಟೆಗೆ ಬೆಳಿಗ್ಗೆ ಹನ್ನೊಂದಕ್ಕೆ ಹೋದಾಗ ಅವರು ಬಾಗಿಲಲ್ಲೇ ಇದ್ದರು. ಇಸ್ತ್ರಿ ಮಾಡಿದ ಷರಟು, ಒಂದು ಕೈಯಲ್ಲಿ ಕೋಲು, ಇನ್ನೊಂದು ಕೈ ಮೇಘಾಳ ತೋಳಿನಲ್ಲಿ. ತುಟಿ ಏನೋ ಗುಣುಗುಟ್ಟುತ್ತಿತ್ತು. ನಾನು ಗೋಡೆಗೆ ಒರಗಿ ದೂರದಲ್ಲೇ ನಿಂತೆ, ನನ್ನ ನೆರಳೂ ಅವರ ಓಟಿನ ಮೇಲೆ ಬೀಳಬಾರದು ಎಂದು.

ಮೇಜಿನ ಹಿಂದಿದ್ದ ಹುಡುಗಿ ಬಸ್ ಪಾಸ್ ನೋಡಿದಳು, ಮುಖ ನೋಡಿದಳು, ಪಟ್ಟಿಯಲ್ಲಿ ಹೆಸರಿನ ಮೇಲೆ ಗೆರೆ ಎಳೆದಳು, ಮತಪತ್ರ ಕೊಟ್ಟಳು. ಐತಾಳರು ಇನ್ನೂ ಏನೋ ಕೇಳಬಹುದು ಎಂಬಂತೆ ನಿಂತೇ ಇದ್ದರು. ಹುಡುಗಿ ನಗುತ್ತಾ ಮರೆಯ ಕಡೆ ಕೈ ತೋರಿಸಿದಳು. ಮೇಘಾಳನ್ನು ಹೊರಗೇ ನಿಲ್ಲಿಸಿ ಅವರೊಬ್ಬರೇ ಒಳಗೆ ಹೋದರು. ದಾರ ಕಟ್ಟಿದ ಪೆನ್ಸಿಲ್ ಹಿಡಿದು ಎಷ್ಟು ಹೊತ್ತು ನಿಂತಿದ್ದರೋ. ಆಮೇಲೆ ಮಡಿಚಿದ ಕಾಗದವನ್ನು ಎರಡೂ ಕೈಯಲ್ಲಿ ಹಿಡಿದು ತಂದು ಪೆಟ್ಟಿಗೆಯ ಸೀಳಿನೊಳಗೆ ಬಿಟ್ಟರು, ಬಿಟ್ಟ ಮೇಲೆ ಬಗ್ಗಿ ಸೀಳಿನೊಳಗೆ ಇಣುಕಿದರು.

ಹೊರಗೆ ಬಂದ ಮೇಲೆ ನನ್ನ ಹತ್ತಿರ ದೂರು ಹೇಳಿದರು. "ಎಂತ ಮಾರಾಯ್ರೆ, ಹುಟ್ಟಿದ್ ತಾರೀಕ್ ಕೇಳ್ಲೇ ಇಲ್ಲೆ. ನಾನ್ ಮನೆಯಿಂದ ಜೂನ್ ಒಂದ್, ಜೂನ್ ಒಂದ್ ಅಂತ ಹೇಳಿಕಂಡೇ ಬಂದೆ."

"ಇಲ್ಲಿ ಮುಖಾ ನೋಡ್ತಾರ್ರಿ, ತಾರೀಖು ಕೇಳೂದಿಲ್ಲ," ಎಂದೆ.

"ಹಾಂಗಾರೆ ಈ ಸರ್ತಿ ನಂದ್ ಓಟ್ ಆಯ್ತಾ?"

"ಆತ್ರಿ. ಡಬ್ಬಿಯೊಳಗ ಬಿದ್ದದ್ದನ್ನ ನಾ ಕಣ್ಣಾರೆ ನೋಡೇನಿ."

ಅವರು ಮೇಘಾಳ ಕಡೆ ತಿರುಗಿದರು. ಅವಳು ಚೀಲದಿಂದ ಅದೇ ಸ್ಟೀಲ್ ಡಬ್ಬಿ ತೆಗೆದಳು. "ಆ ಸರ್ತಿದ್ ಸುಮ್ನೆ ತಿಂದದ್ದ್," ಎಂದರು ಐತಾಳರು. "ಇದ್ ಲೆಕ್ಕದ್ದ್."

ಮತದಾನದ ದಿನ ಮತದಾರರಿಂದ ಒಂದು ಲೋಟ ನೀರನ್ನೂ ಮುಟ್ಟಬಾರದು ಎಂದು ಹೊಸಬರಿಗೆ ಪ್ರತಿ ವರ್ಷ ತರಬೇತಿಯಲ್ಲಿ ಪಾಠ ಮಾಡಿದವಳು ನಾನು. ಅದನ್ನು ಅವರಿಗೂ ಹೇಳಿದೆ. ಹಾಗಾದರೆ ಮುಗಿದ ಮೇಲೆ ತಿನ್ನಿ ಎಂದು ಡಬ್ಬಿಯನ್ನು ನನ್ನ ಕಾರಿನ ಸೀಟಿನ ಮೇಲಿಡಿಸಿ ಮೊಮ್ಮಗಳ ಜೊತೆ ಮೆಲ್ಲನೆ ನಡೆದು ಹೋದರು. ಉಳಿದ ಮತಗಟ್ಟೆಗಳನ್ನು ಸುತ್ತುವಾಗಲೆಲ್ಲ ಕಾರಿನ ತುಂಬ ಏಲಕ್ಕಿಯ ಪರಿಮಳ. ರಾತ್ರಿ ಹತ್ತಕ್ಕೆ ಕೊನೆಯ ಮತಗಟ್ಟೆಯ ಬಾಗಿಲು ಹಾಕಿ ಪೆಟ್ಟಿಗೆಗೆ ಮೊಹರು ಬಿದ್ದದ್ದನ್ನು ನೋಡಿ, ಕಾರಿಗೆ ಬಂದು ಡಬ್ಬಿ ತೆರೆದೆ. ಮೂರು ತುಂಡು ತಿಂದೆ. ಚೆನ್ನಾಗಿ ಇಳಿಯಿತು.